ಮುಚ್ಚಳದಂಗಡಿಗೆ ಹೆಪ್ಪು

ಆ ಊರಿನ ಅಂಗಡಿಗಳಿಗೆ ಬೀಗವಿರಲಿಲ್ಲ, ಬೀಗದ ಕೈಯೂ ಇರಲಿಲ್ಲ. ಹೊಸ್ತಿಲ ಮೇಲೆ ಒಂದು ಮಣ್ಣಿನ ಗಡಿಗೆ ಇರುತ್ತಿತ್ತು, ಅಷ್ಟೇ. ಹೊಸ ಅಂಗಡಿ ತೆರೆಯಬೇಕೆಂದವರು ಮುಚ್ಚಿದ ಬಾಗಿಲೊಂದನ್ನು ಆರಿಸಿಕೊಂಡು, ಅದರ ಮುಂದಿನ ಗಡಿಗೆಗೆ ತಮ್ಮ ಹಸುವಿನ ಹಾಲನ್ನು ಉಗುರುಬೆಚ್ಚಗೆ ಹೊಯ್ದು, ಹೆಪ್ಪು ಹಾಕಿ, ಕೈಮುಗಿದು ಬರಬೇಕು. ಹಾಲು ಮೊಸರಾದರೆ ಬಾಗಿಲು ತಾನಾಗಿ ತೆರೆಯುತ್ತದೆ. ಆಗದಿದ್ದರೆ ಆನೆ ತಂದು ನೂಕಿಸಿದರೂ ತೆರೆಯುವುದಿಲ್ಲ. ಒಬ್ಬ ಸಾಹುಕಾರ ಹಿಂದೊಮ್ಮೆ ನಿಜವಾಗಿಯೂ ಆನೆ ತಂದಿದ್ದನಂತೆ. ಆನೆ ಹಾಲು ಕುಡಿದು ಹೋಯಿತಂತೆ.

ಕಷ್ಟವೆಲ್ಲ ಹೆಪ್ಪಿನದು. ಹೆಪ್ಪು ಇರುವುದು ಆಗಲೇ ಅಂಗಡಿ ತೆರೆದವರ ಗಡಿಗೆಯಲ್ಲಿ ಮಾತ್ರ. ಅದಕ್ಕೊಂದು ಗುಣವೂ ಇತ್ತು: ಹೆಪ್ಪು ಯಾರದೋ, ಅಂಗಡಿ ಅವರ ಹಾಗೆ. ಎಣ್ಣೆಯವನ ಹೆಪ್ಪು ಹಾಕಿದರೆ ತೆರೆದ ಬಾಗಿಲಿನೊಳಗೆ ಗಾಣದ ವಾಸನೆ ಬರುತ್ತಿತ್ತು. ಹೀಗಾಗಿ ಆ ಊರಿನ ಒಂದು ಬೀದಿಯುದ್ದಕ್ಕೂ ಎಣ್ಣೆಯಂಗಡಿ, ಇನ್ನೊಂದು ಬೀದಿಯುದ್ದಕ್ಕೂ ಬಟ್ಟೆಯಂಗಡಿ, ಮತ್ತೊಂದರಲ್ಲಿ ಬರೀ ಮಿಠಾಯಿ. ಬಾಚಣಿಗೆ ಬೇಕಾದವರು ಪಕ್ಕದೂರಿಗೆ ನಡೆಯುತ್ತಿದ್ದರು. ಇದರಲ್ಲಿ ವಿಚಿತ್ರವೇನಿದೆ ಎಂದು ಊರಿನವರೇ ನಿಮ್ಮನ್ನು ಕೇಳುತ್ತಿದ್ದರು. ನಮ್ಮೂರಿನಲ್ಲಿ ಸಿಗದ ಸಾಮಾನಿಲ್ಲ, ಎಣ್ಣೆ ಬಟ್ಟೆ ಮಿಠಾಯಿ ಮೂರೂ ಇವೆ ಎನ್ನುತ್ತಿದ್ದರು.

ಇನ್ನೊಂದು ಕಟ್ಟಳೆಯನ್ನೂ ಹೇಳಿಬಿಡುತ್ತೇನೆ. ಬಾಗಿಲು ಆರಿಸಿಕೊಂಡವರು ತಮ್ಮ ಹಸು ಬತ್ತುವುದರೊಳಗೆ ಅದನ್ನು ತೆರೆಯಿಸಿಕೊಳ್ಳಬೇಕು. ತಪ್ಪಿದರೆ ಗೋಡೆ ಕಟ್ಟುವವನು ಇಟ್ಟಿಗೆ ಹೊತ್ತು ಬರುತ್ತಾನೆ, ಆ ಬಾಗಿಲಿಗೆ ಅಡ್ಡಗೋಡೆ ಏಳುತ್ತದೆ. ಆಮೇಲೆ ಅವರು ಈ ಜನ್ಮದಲ್ಲಿ ಇನ್ನೊಂದು ಬಾಗಿಲು ಕೇಳುವ ಹಾಗಿಲ್ಲ.

ಆ ಊರಿನಲ್ಲಿ ಪಾತ್ರೆ ತೊಳೆಯುವವಳೊಬ್ಬಳು ಇದ್ದಳು. ಅವಳಿಗೆ ಒಬ್ಬ ಅತ್ತೆ, ಕೆಂದಿ ಎಂಬ ಒಂದು ಹಸು. ಹೆಸರಿಟ್ಟು ಕರೆಯುತ್ತಿದ್ದದ್ದು ಊರಿನಲ್ಲೆಲ್ಲ ಆ ಹಸುವನ್ನು ಮಾತ್ರ; ಮಿಕ್ಕವರು ತಂತಮ್ಮ ಕೆಲಸದ ಹೆಸರಿನಲ್ಲೇ ಹುಟ್ಟಿ ಸಾಯುತ್ತಿದ್ದರು. ಮನೆಮನೆಯ ಪಾತ್ರೆ ಉಜ್ಜುತ್ತ ಉಜ್ಜುತ್ತ ಅವಳ ಕಣ್ಣಿಗೆ ಒಂದು ಸಂಗತಿ ಬಿದ್ದಿತ್ತು. ಪಾತ್ರೆ ಇಟ್ಟ ಕಡೆ ಇರುತ್ತದೆ, ಮುಚ್ಚಳಕ್ಕೆ ಮಾತ್ರ ಕಾಲು ಬರುತ್ತದೆ. ಒಂದು ಮನೆಯ ಮುಚ್ಚಳ ಬಾವಿಗೆ ಬಿದ್ದಿದ್ದರೆ ಇನ್ನೊಂದು ಮನೆಯದು ಮಕ್ಕಳ ಗಾಡಿಗೆ ಚಕ್ರವಾಗಿತ್ತು, ಮತ್ತೊಂದು ಮನೆಯದು ಗಂಡ ಹೆಂಡಿರ ಜಗಳದಲ್ಲಿ ಗೋಡೆಗೆ ಬಡಿದು ಸೊಟ್ಟಗಾಗಿತ್ತು. ಪಾತ್ರೆಗಳ ಮೇಲೆ ತಟ್ಟೆ, ಮೊರ, ಮಣೆ, ಒಂದು ಮನೆಯಲ್ಲಂತೂ ತಾತನ ಪೇಟ. ಯಾವುದೂ ಸರಿಯಾಗಿ ಕೂರದು. ಸಾರಿಗೆ ನೊಣ, ಅನ್ನಕ್ಕೆ ಇರುವೆ, ಹಾಲಿಗೆ ಬೆಕ್ಕು.

ಹಾಗಾದರೆ ಬರೀ ಮುಚ್ಚಳವನ್ನೇ ಮಾರಿದರೆ ಹೇಗೆ? ಯಾರು ಯಾವ ಪಾತ್ರೆ ತಂದರೂ ಅದರ ಬಾಯಿಗೆ ಹಿಡಿದ ಮುಚ್ಚಳ. ಯೋಚನೆ ಬಂದ ಗಳಿಗೆಯಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹಲಸಿನ ಹಲಗೆಯಲ್ಲಿ ಕೆತ್ತಿದಳು, ತಗಡಿನಲ್ಲಿ ಬಡಿದಳು, ತೆಂಗಿನ ಚಿಪ್ಪಿನಲ್ಲಿ ಉಜ್ಜಿ ತೆಗೆದಳು, ತಾಳೆಗರಿಯಲ್ಲಿ ಹೆಣೆದಳು. ಯಾವ ಪಾತ್ರೆ ಕಂಡರೂ ಗೇಣು ಚಾಚಿ ಬಾಯಿ ಅಳೆಯುವುದು ಅವಳಿಗೆ ಚಟವೇ ಆಗಿಹೋಯಿತು. ಮನೆಯಲ್ಲಿ ಮುಚ್ಚಳಗಳು ರಾಶಿ ಬಿದ್ದವು.

ಅತ್ತೆ ಎಲೆ ಅಡಿಕೆ ಮೆಲ್ಲುತ್ತ ಆ ರಾಶಿಯನ್ನು ನೋಡಿದಳು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ್ಲಂತೆ. ಮುಚ್ಚಳಕ್ಕೆ ಯಾರಾದ್ರೂ ಅಂಗಡಿ ಇಡ್ತಾರೇನೇ? ಬಿಟ್ರೆ ನಾಳೆ ತೂತಿಗೂ ಒಂದು ಅಂಗಡಿ ಇಡ್ತೀಯ."

ಸೊಸೆ ನಕ್ಕಳು. ಬೀದಿಯ ತುದಿಯಲ್ಲಿ ಒಂದು ಹಳೆಯ ನೀಲಿ ಬಾಗಿಲನ್ನು ಆರಿಸಿಕೊಂಡಳು. ಕೆಂದಿ ಗಬ್ಬವಾಗಿತ್ತು, ಹಾಲು ದಿನದಿನಕ್ಕೂ ಇಳಿಯುತ್ತಿತ್ತು. ಮೀನಮೇಷ ಎಣಿಸುತ್ತ ಕೂರುವ ಕಾಲವಲ್ಲ ಎಂದು ಅವಳಿಗೆ ಗೊತ್ತಿತ್ತು.

ಮೊದಲು ಹೋದದ್ದು ಎಣ್ಣೆಯವನ ಹತ್ತಿರ. ಅವನು ಒಳ್ಳೆಯ ಮನುಷ್ಯ, ಕೇಳಿದ ಕೂಡಲೇ ಬಟ್ಟಲು ತುಂಬ ಹೆಪ್ಪು ಕೊಟ್ಟ. ಕೊಡುವಾಗ, ನೋಡು ತಾಯಿ, ಅಂಗಡಿ ಎಣ್ಣೆಯದೇ ಆಗುತ್ತದೆ, ಒಂದು ಮೂಲೆಯಲ್ಲಿ ನಿನ್ನ ಮುಚ್ಚಳ ಇಟ್ಟುಕೋ, ಯಾರು ಬೇಡ ಅಂದರು ಎಂದ. ತನ್ನ ಹಸುವಿನ ಹಾಲು ಗಟ್ಟಿ, ಅದು ಹೆಪ್ಪಿನ ಗುಣವನ್ನು ಮಣಿಸೀತು ಎಂದು ಅವಳು ನಂಬಿದಳು. ಹಾಲು ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ ಮೊಸರಾಯಿತು. ನೀಲಿ ಬಾಗಿಲು ಸದ್ದಿಲ್ಲದೆ ತೆರೆಯಿತು. ಒಳಗೆ ಸಾಲುಸಾಲು ಎಣ್ಣೆ ಡಬ್ಬ, ಅವಳು ಬಡಿದ ಮುಚ್ಚಳಗಳೆಲ್ಲ ಆ ಡಬ್ಬಗಳ ಮೇಲೆ ಕೂತಿದ್ದವು, ಒಂದೊಂದೂ ಕದಲಿಸಲಾಗದ ಹಾಗೆ. ಅವಳು ಬಹಳ ಹೊತ್ತು ನೋಡಿದಳು. ಒಳಗೆ ಹೋಗಿ ಕೂತರೆ ಹೊಟ್ಟೆಗೇನೂ ತೊಂದರೆಯಿರಲಿಲ್ಲ. ಆದರೂ ಮೊಸರನ್ನು ಬೀದಿನಾಯಿಗಳಿಗೆ ಹಾಕಿದಳು. ಬಾಗಿಲು ಮುಚ್ಚಿಕೊಂಡಿತು. ನಾಯಿಗಳ ಮೈ ಒಂದು ವಾರ ಮಿರಮಿರ ಮಿಂಚುತ್ತಿತ್ತು.

ಆಮೇಲೆ ಮಿಠಾಯಿಯವನ ಹತ್ತಿರ ಹೋದಳು. ಅವನು ಅವಳ ಮಾತನ್ನು ಕಣ್ಣು ಮುಚ್ಚಿ ಕೇಳಿದ, ತಲೆದೂಗಿದ, ತುಂಬ ಚೆನ್ನಾದ ಯೋಚನೆ ಎಂದ. ಒಂದು ಲಡ್ಡೂ ಕೂಡ ಕೊಟ್ಟ. ಹೆಪ್ಪಿನ ಮಾತು ಬಂದಾಗ, "ಮೊದ್ಲು ಮೊಸರು ತೋರ್ಸು ತಾಯಿ, ಆಮೇಲೆ ಹೆಪ್ಪು ಕೊಡ್ತೀನಿ" ಅಂದ.

"ಮೊಸರಾಗಿದ್ರೆ ಹೆಪ್ಪಿಗೆ ಯಾಕೆ ಬರ್ತಿದ್ದೆ, ಯಜಮಾನ್ರೇ?"

"ನಾನೂ ಅದನ್ನೇ ಹೇಳೋದು. ಮೊಸರಾಗುತ್ತೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಹುಚ್ಚು ಬಿಟ್ಟ ಹೊರತು ಮದುವೆ ಆಗದು, ಮದುವೆ ಆದ ಹೊರತು ಹುಚ್ಚು ಬಿಡದು. ಲಡ್ಡೂ ತಿನ್ನುತ್ತ ಅವಳು ಬಟ್ಟೆಯವನ ಅಂಗಡಿಗೆ ನಡೆದಳು. ಬಟ್ಟೆಯವನು ಕೂರಿಸಿದ, ನೀರು ಕೊಟ್ಟ, ಈಗ ಬಂದೆ ಎಂದು ಒಳಗೆ ಹೋದ. ಬಿಸಿಲು ಅಂಗಡಿಯ ಮೆಟ್ಟಿಲಿಳಿದು ಬೀದಿ ದಾಟಿ ಎದುರು ಗೋಡೆ ಹತ್ತಿತು. ಅವನು ಹೊರಗೆ ಬಂದು ದೀಪ ಹಚ್ಚಿದ, ಕೈಮುಗಿದ, ಅವಳ ಕಡೆ ತಿರುಗಿ, ಛೇ, ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದಲ್ಲ ತಾಯಿ, ಮೊದಲೇ ಕೇಳಬಾರದಿತ್ತೇ ಎಂದ. ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನ ಅವಳು ನಸುಕಿಗೇ ಹೋಗಿ ನಿಂತಳು. ಬೇರೆ ಯಾರಾದರೂ ಮೊದಲು ಕೊಡಲಿ, ಎರಡನೆಯವನು ನಾನು, ಇದು ನನ್ನ ಮಾತು ಎಂದು ಎದೆ ಮುಟ್ಟಿಕೊಂಡ. ಎದೆ ಮುಟ್ಟಿಕೊಳ್ಳುವಾಗ ಅವನ ಮುಖದಲ್ಲಿದ್ದ ಔದಾರ್ಯವನ್ನು ನೋಡಿಯೇ ನಂಬಬೇಕು.

ಹೋದಲ್ಲೆಲ್ಲ ಒಂದು ಗಾದೆ ಮಾತ್ರ ಧಾರಾಳವಾಗಿ ಸಿಕ್ಕಿತು: ಕೈ ಕೆಸರಾದರೆ ಬಾಯಿ ಮೊಸರು. ಅವಳ ಕೈ ಬೂದಿ, ಹುಣಸೆಹುಳಿಯಲ್ಲಿ ಮುಳುಗಿ ಬಿರುಕು ಬಿಟ್ಟಿದ್ದನ್ನು ಯಾರೂ ನೋಡಲಿಲ್ಲ. ಅವಳಿಗೆ ಒಳಗೊಳಗೇ ಸಿಟ್ಟು ಬಂತು.

ಕೊನೆಗೆ ಉಳಿದದ್ದು ಹೆಪ್ಪಿನ ಮನೆ. ಅಲ್ಲಿ ಊರಿನ ಮೂವರು ಹಿರಿಯರು ಒಂದೇ ಜಮಖಾನದ ಮೇಲೆ ಕೂರುತ್ತಿದ್ದರು. ಅವರ ತಲೆಯ ಮೇಲೆ ನೆಲುವಿನಲ್ಲಿ ಮೂಲಗಡಿಗೆ ತೂಗುತ್ತಿತ್ತು. ಊರಿನ ಮೊಟ್ಟಮೊದಲ ಮೊಸರು ಆ ಗಡಿಗೆಯಲ್ಲಿ ಆದದ್ದು, ಅದಕ್ಕೆ ಹೆಪ್ಪು ಹುಣ್ಣಿಮೆಯ ಚಂದ್ರನಿಂದ ಉದುರಿದ್ದು ಎಂದು ಪ್ರತೀತಿ. ಹಿರಿಯರ ಪದ್ಧತಿ ಹೀಗಿತ್ತು: ಸೌಟಿನ ತುದಿಯಲ್ಲಿ ಒಂದು ಹನಿ ಮೊಸರು ತೂಗುಬಿಡುತ್ತಾರೆ, ಅದು ಬೀಳುವುದರೊಳಗೆ ಕೇಳುವವರು ತಮ್ಮ ಯೋಚನೆಯನ್ನು ಹೇಳಿ ಮುಗಿಸಬೇಕು. ಅವಳು ಕೆಂದಿಯ ಮುಂದೆ ನಿಂತು ಹೇಳಿ ಹೇಳಿ ಬಾಯಿಪಾಠ ಮಾಡಿದ್ದಳು. ಕೆಂದಿ ಪ್ರತಿ ಸಲವೂ ಒಪ್ಪಿಕೊಂಡಿತ್ತು.

ಹನಿ ಬೀಳುವ ಮೊದಲೇ ಅವಳು ಮುಗಿಸಿದಳು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಳೆ ಕುಂಬಾರನೇ ಮುಚ್ಚಳ ಮಾರಿದರೆ ನೀನೇನು ಮಾಡುತ್ತೀಯ ಎಂದು ನಡುವಿನ ಹಿರಿಯ ಕೇಳಿದ. "ಗಡಿಗೆ ಜೊತೆ ಮುಚ್ಚಳ ಕೊಡೋನು ಕುಂಬಾರ. ಕಳೆದುಹೋದ ಮೇಲೆ ಕೊಡೋಳು ನಾನು" ಎಂದಳು. ಮೂವರಿಗೂ ಉತ್ತರ ಹಿಡಿಸಿತು. ಹಿಡಿಸಿದ್ದರಿಂದಲೇ ಎಚ್ಚರವೂ ಹೆಚ್ಚಾಯಿತು. ಎಣ್ಣೆ, ಬಟ್ಟೆ, ಮಿಠಾಯಿ ಮೂರರ ಹೆಪ್ಪನ್ನೂ ಚೂರುಚೂರು ಬೆರೆಸಿ ಕೊಡುವುದೆಂದೂ, ಹಾಲು ಹೇಗೆ ಹಿಡಿಯುತ್ತಿದೆ ಎಂದು ತಾವು ಆಗಾಗ ಬಂದು ನೋಡುವುದೆಂದೂ ತೀರ್ಮಾನವಾಯಿತು. "ಕೊಟ್ಟೋರು ನಾವಲ್ವೇ? ನೋಡೋದು ಬೇಡ್ವೇ?" ಎಂದ ನಡುವಿನವನು. ಅವಳು ಹೂಂ ಎಂದಳು.

ಹಿರಿಯರು ಮಾತಿಗೆ ತಪ್ಪುವವರಲ್ಲ. ಸಂಜೆಯಿಂದ ಬೆಳ್ಳಿ ಮೂಡುವವರೆಗೂ ಸರದಿಯ ಮೇಲೆ ಬಂದರು. ಒಬ್ಬ ಬೆರಳು ಅದ್ದಿ ನೋಡಿದ. ಒಬ್ಬ ಗಡಿಗೆ ಅಲುಗಿಸಿ ನೋಡಿದ. ಒಬ್ಬ ಸೌಟು ಹಾಕಿ ತಳದಿಂದ ತಿರುವಿ, ತಳದಲ್ಲಿ ಇನ್ನೂ ಹಿಡಿದಿಲ್ಲ ಎಂದ. ಬೆಳಗಾಗುವಾಗ ಹಾಲು ಒಡೆದು ನೀರು ಬೇರೆ ಗಸಿ ಬೇರೆಯಾಗಿತ್ತು, ಅದರೊಳಗೊಂದು ನೊಣ. ಮೂವರೂ ಬಗ್ಗಿ ನೋಡಿ, ನಮಗೆ ಮೊದಲೇ ಗೊತ್ತಿತ್ತು ಎಂದರು. ಆ ಊರಿನಲ್ಲಿ ಹೊಸ್ತಿಲ ಗಡಿಗೆಯನ್ನು ಮುಚ್ಚಬಾರದೆಂಬ ಶಾಸ್ತ್ರವೇನೂ ಇರಲಿಲ್ಲ. ಮುಚ್ಚಿದರೆ ನೋಡುವುದು ಹೇಗೆ ಎಂದು ಯಾರೂ ಮುಚ್ಚಿರಲಿಲ್ಲ, ಅಷ್ಟೇ. ಹಗಲೂ ರಾತ್ರಿ ಮುಚ್ಚಳ ಕೆತ್ತುವ ನಮ್ಮವಳಿಗೂ ಅದು ಹೊಳೆದಿರಲಿಲ್ಲ.

ಕೆಂದಿಯ ಹಾಲು ಚೊಂಬಿಗೆ ಇಳಿಯಿತು, ಚೊಂಬಿನಿಂದ ಲೋಟಕ್ಕೆ ಇಳಿಯಿತು. ಗೋಡೆ ಕಟ್ಟುವವನು ನೀಲಿ ಬಾಗಿಲಿನ ಅಗಲ ಅಳೆದುಕೊಂಡು ಹೋದ. ಇಷ್ಟು ದಿನ ಮಂದಿಯ ಪಾತ್ರೆ ಉಜ್ಜಿದ್ದು ಅವಳಿಗೆ ಎಂದೂ ಭಾರವಾಗಿರಲಿಲ್ಲ. ಬಾಗಿಲೊಂದನ್ನು ಆಸೆಪಟ್ಟ ಮೇಲೆ ಪ್ರತಿ ಪಾತ್ರೆಯೂ ಭಾರವಾಯಿತು. ಒಂದು ಪ್ರಶ್ನೆ ಮಾತ್ರ ತಲೆಯೊಳಗೆ ಗುಂಯ್ಗುಡುತ್ತಿತ್ತು. ಎಲ್ಲರ ಹೆಪ್ಪೂ ಇನ್ನೊಬ್ಬರಿಂದ ಬಂದದ್ದಾದರೆ ಮೊಟ್ಟಮೊದಲನೆಯವನಿಗೆ ಕೊಟ್ಟವರು ಯಾರು? ಮಿಠಾಯಿಯವನನ್ನು ಕೇಳಿದಳು, ಅವನು ಆಕಾಶ ತೋರಿಸಿದ. ಬಟ್ಟೆಯವನನ್ನು ಕೇಳಿದಳು, ಅವನು ದೀಪ ಹಚ್ಚಿದ.

ಅಷ್ಟರಲ್ಲಿ ಮೂಲಗಡಿಗೆಯನ್ನು ತೊಳೆಯುವ ದಿನ ಬಂತು. ವರ್ಷಕ್ಕೊಮ್ಮೆ ಅದನ್ನು ನೆಲುವಿನಿಂದ ಇಳಿಸಿ ಹೊರಮೈ ತೊಳೆಯಿಸುತ್ತಾರೆ. ಒಳಗೆ ಕೈ ಹಾಕುವ ಹಾಗಿಲ್ಲ. ತೊಳೆಯುವ ಸರದಿ ಆ ವರ್ಷ ಅವಳದೇ. ನಡುವಿನ ಹಿರಿಯ ಮುಂದೆ ಕೂತು ಕಾಯುತ್ತಿದ್ದ. ಅವಳು ಭಕ್ತಿಯಿಂದಲೇ ಉಜ್ಜಿದಳು. ಆದರೆ ಹಾಳು ಚಟ ಕೇಳಬೇಕಲ್ಲ. ಹಿರಿಯ ಒಮ್ಮೆ ತೂಕಡಿಸಿದ್ದೇ ತಡ, ಅವಳ ಗೇಣು ತಾನಾಗಿ ಗಡಿಗೆಯ ಬಾಯಿ ಅಳೆಯಲು ಚಾಚಿತು. ಚಾಚಿದ ಬೆರಳು ಒಳಗೋಡೆಗೆ ತಗುಲಿತು. ಅಲ್ಲಿ ಗಟ್ಟಿಯಾಗಿ ಹತ್ತಿಕೊಂಡು ಕೂತ ಕರಿಯ ಕಡ್ಡಿಗಳಂಥವು ಏನೋ ಇದ್ದವು. ಅವಳು ಒಂದನ್ನು ಉಗುರಿನಿಂದ ಕಿತ್ತು ನೋಡಿದಳು. ತಿಳಿಯಲಿಲ್ಲ. ಬೆವರು ಒರೆಸಿಕೊಳ್ಳಲು ಹೋಗಿ ಬೆರಳು ಕಣ್ಣಿಗೆ ತಾಗಿತು.

ಆಗ ತಿಳಿಯಿತು. ಕಣ್ಣು ಭಗ್ಗೆಂದಿತು. ಮೆಣಸಿನಕಾಯಿಯ ತೊಟ್ಟು, ಅಡುಗೆಮನೆಯಲ್ಲಿ ಎಲ್ಲರೂ ಮುರಿದು ಬಿಸಾಡುವ ತೊಟ್ಟು. ಅಷ್ಟು ತಲೆಮಾರು ಕಳೆದರೂ ಖಾರ ಹೋಗಿರಲಿಲ್ಲ.

ಹಿರಿಯ ಎಚ್ಚೆತ್ತು, ಯಾಕಮ್ಮ ಅಳುತ್ತಿದ್ದೀಯ ಎಂದು ಕೇಳಿದ. ಮೂಲಗಡಿಗೆಯ ಮಹಿಮೆ, ತಡೆಯಲಾಗಲಿಲ್ಲ ಎಂದಳು. ಮೂಲಗಡಿಗೆಯ ಮುಂದೆ ಕಣ್ಣೀರು ಬರುವುದು ಒಳ್ಳೆಯ ಲಕ್ಷಣ ಎಂದು ಹಿರಿಯ ಸಂತೋಷಪಟ್ಟ. ಮನೆಯ ದಾರಿಯಲ್ಲಿ ಕಣ್ಣಿನ ಉರಿ ಇಳಿದ ಮೇಲೂ ಅವಳ ಅಳು ನಿಲ್ಲಲಿಲ್ಲ. ಮೊದಲನೆಯವನಿಗೂ ಯಾರೂ ಕೊಟ್ಟಿರಲಿಲ್ಲ. ಅವನೂ ಬೀದಿಬೀದಿ ಅಲೆದು, ಗಾದೆ ಕೇಳಿಸಿಕೊಂಡು, ಕೊನೆಗೆ ಕಸದ ಬುಟ್ಟಿಗೆ ಕೈ ಹಾಕಿ, ಸಿಕ್ಕ ತೊಟ್ಟನ್ನೇ ಹಾಲಿಗೆ ಹೆಪ್ಪು ಹಾಕಿದ್ದ. ಚಂದ್ರನನ್ನು ಆಮೇಲೆ ಸೇರಿಸಿದ್ದರು.

ಮರುದಿನ ಕೆಂದಿ ಕೊಟ್ಟದ್ದು ಒಂದೇ ಲೋಟ ಹಾಲು. ಅದೇ ಕೊನೆಯದು ಎಂದು ಮೊಲೆಗೆ ಕೈ ಹಚ್ಚಿದಾಗಲೇ ಗೊತ್ತಾಯಿತು. ಅವಳು ಹಾಲನ್ನು ಉಗುರುಬೆಚ್ಚಗೆ ಮಾಡಿ ಹೊಸ್ತಿಲ ಗಡಿಗೆಗೆ ಹೊಯ್ದಳು. ಒಣಮೆಣಸಿನಕಾಯಿಯ ತೊಟ್ಟುಗಳನ್ನು ಅದರಲ್ಲಿ ಮುಳುಗಿಸಿದಳು. ಅತ್ತೆ ಹಿಂದೆಯೇ ಬಂದು ನಿಂತಿದ್ದಳು. ತೊಟ್ಟು ಹಾಕಿದ್ದಕ್ಕೆ ಏನಾದರೂ ಅಂದಾಳು ಎಂದು ಸೊಸೆ ಕಾದರೆ ಅತ್ತೆಯ ಕಣ್ಣು ಬೇರೆ ಕಡೆ ಇತ್ತು.

"ಊರಿಗೆಲ್ಲ ಮುಚ್ಚಳ ಮಾಡ್ತೀಯ. ನಿನ್ನ ಗಡಿಗೆ ನೋಡು, ಬಾಯಿ ಬಿಟ್ಕೊಂಡು ಕೂತಿದೆ."

ಚುಚ್ಚುವುದಕ್ಕೆಂದೇ ಆಡಿದ ಮಾತು ಅದು. ಸೊಸೆ ಮಾತ್ರ ಅದನ್ನು ಕೇಳಿದ್ದೇ ಮನೆಗೆ ಓಡಿದಳು. ಮೊಟ್ಟಮೊದಲು ಕೆತ್ತಿದ ಹಲಸಿನ ಮುಚ್ಚಳವನ್ನು ತಂದು ಗಡಿಗೆಯ ಮೇಲಿಟ್ಟಳು. ಅದು ಅಳೆದು ಮಾಡಿದಂತೆ ಕೂತಿತು. ಮೇಲೊಂದು ಕಂಬಳಿ ಸುತ್ತಿದಳು.

ಬೆಳಗಾಯಿತು, ಬಾಗಿಲು ತೆರೆಯಲಿಲ್ಲ. ತೊಟ್ಟಿನ ಹೆಪ್ಪು ನಿಧಾನ ಎಂದು ಅವಳಿಗೆ ಗೊತ್ತಿರಲಿಲ್ಲ, ಆ ಊರಿನಲ್ಲಿ ಯಾರಿಗೂ ನೆನಪಿರಲಿಲ್ಲ. ಗೋಡೆ ಕಟ್ಟುವವನು ಇಟ್ಟಿಗೆ ಇಳಿಸಿ ಮಣ್ಣು ಕಲಸತೊಡಗಿದ. ಹಿರಿಯರು ಮೂವರೂ ಬಂದರು, ಹಿಂದೆ ಎಣ್ಣೆ, ಬಟ್ಟೆ, ಮಿಠಾಯಿ ಬೀದಿಗಳೂ ಬಂದವು. ಮುಚ್ಚಳ ತೆಗೆ ನೋಡೋಣ ಎಂದರು. ಅವಳು ತೆಗೆಯುವುದಿಲ್ಲ ಎಂದಳು. ಒಳಗೆ ಏನಾಗಿದೆಯೋ ಅವಳಿಗೂ ತಿಳಿಯದು. ತೆಗೆದು ನೋಡಬೇಕೆಂದು ಅವಳ ಜೀವವೇ ಬೆರಳ ತುದಿಗೆ ಬಂದಿತ್ತು. ನಡುವಿನ ಹಿರಿಯ ಮುಂದೆ ಬಂದು, ಇಂಥ ಹುಚ್ಚಾಟ ಎಲ್ಲೂ ನೋಡಿಲ್ಲ ಎನ್ನುತ್ತ ಮುಚ್ಚಳಕ್ಕೆ ಕೈ ಚಾಚಿದ.

ಅತ್ತೆ ಅಡ್ಡ ಬಂದು ಗಡಿಗೆಯ ಪಕ್ಕ ಕುಕ್ಕರುಬಡಿದಳು. "ನನ್ನ ಸೊಸೆಗೆ ಹುಚ್ಚು ಅನ್ನೋ ಹಕ್ಕು ಊರಲ್ಲಿ ನನಗೊಬ್ಬಳಿಗೇ ಇರೋದು. ನೀವು ದೂರ ನಿಂತ್ಕೊಳ್ಳಿ."

ಹಿರಿಯರು ದೂರ ನಿಂತರು. ಗೋಡೆ ಏಳತೊಡಗಿತು. ಮೊಣಕಾಲಿನಷ್ಟಾಯಿತು, ಸೊಂಟದಷ್ಟಾಯಿತು. ಹೊತ್ತು ನೆತ್ತಿಗೇರಿದಾಗ ಗೋಡೆ ಕಟ್ಟುವವನು ಬುತ್ತಿ ಬಿಚ್ಚಿದ, ಮುಚ್ಚಳವಿಲ್ಲದ ಬುತ್ತಿ. ಅನ್ನದ ತುಂಬ ಕೆಂಪಿರುವೆ. ಅವನು ಒಂದೊಂದನ್ನೇ ಆರಿಸಿ ತೆಗೆಯುತ್ತ, ಓರೆಗಣ್ಣಿನಲ್ಲಿ ಹಲಸಿನ ಮುಚ್ಚಳವನ್ನು ನೋಡುತ್ತ ಬಹಳ ನಿಧಾನವಾಗಿ ಉಂಡ. ಎದ್ದ ಮೇಲೂ ಕೈ ತೊಳೆಯುವುದಕ್ಕೆ ಕೆರೆಯ ತನಕ ಹೋಗಿ ಬಂದ. ಕರಣೆ ಎತ್ತಿ ಮುಂದಿನ ಇಟ್ಟಿಗೆಗೆ ಮಣ್ಣು ಸವರಿದ.

ಆಗ ಗೋಡೆಯ ಹಿಂದೆ ಕಿರ್ರೆಂದಿತು. ಯಾರೂ ಮುಚ್ಚಳ ತೆಗೆದಿರಲಿಲ್ಲ, ಯಾರೂ ಮೊಸರು ನೋಡಿರಲಿಲ್ಲ. ಅರ್ಧ ಗೋಡೆಯ ಮೇಲಿಂದ ಊರೆಲ್ಲ ಇಣುಕಿ ನೋಡಿತು. ನೀಲಿ ಬಾಗಿಲು ಒಳಕ್ಕೆ ತೆರೆದಿತ್ತು. ಒಳಗೆ ಗೋಡೆಯಿಂದ ಗೋಡೆಗೆ ಮುಚ್ಚಳಗಳು, ಬರೀ ಮುಚ್ಚಳಗಳು. ಅವಳು ನೆಲದ ಮೇಲೆ ಕೂತು ಬಾಯಿ ತುಂಬ ನಕ್ಕಳು. ಗೋಡೆ ಕಟ್ಟುವವನು ಕಟ್ಟಿದ್ದನ್ನೆಲ್ಲ ತಾನೇ ಬಿಚ್ಚಿ, ಖಾಲಿ ಬುತ್ತಿ ಹಿಡಿದು ಮೊದಲ ಗಿರಾಕಿಯಾಗಿ ನಿಂತ.

ಹೆಪ್ಪು ಯಾರದು ಎಂದು ಹಿರಿಯರು ಕೇಳಿದರು. ಮೂಲಗಡಿಗೆಗೆ ಯಾವುದೋ ಅದೇ ಎಂದಳು. ಹಿರಿಯರು ಸೌಟು ತುಂಬ ಮೊಸರು ಬಾಯಿಗಿಟ್ಟುಕೊಂಡರು, ಮೂವರ ಕಣ್ಣಲ್ಲೂ ನೀರಾಡಿತು. ಚಂದ್ರನ ಮಹಿಮೆ ಎಂದು ಕೆನ್ನೆ ಕೆನ್ನೆ ಬಡಿದುಕೊಂಡು, ಇದಕ್ಕೆ ಮೊದಲಿನಿಂದಲೂ ನಮ್ಮ ಬೆಂಬಲವಿತ್ತು ಎನ್ನುತ್ತ ಹೊರಟರು. ಬಟ್ಟೆಯವನು ಎರಡನೆಯವನಾಗಿ ಹೆಪ್ಪು ತಂದಿದ್ದ. ಅವಳು ಅದನ್ನು ಊಟಕ್ಕೆ ಕಲಸಿಕೊಂಡಳು.

ಮುಂದಿನ ಬೇಸಿಗೆಯಲ್ಲಿ ಅವಳ ಅಂಗಡಿಗೆ ಒಬ್ಬ ಬಂದ. ಅವನು ಮುರಿದ ಕೊಡೆಗಳಿಗೆ ಕಡ್ಡಿ ಹಾಕುವ ಅಂಗಡಿ ಇಡುವವನಂತೆ. ಹಸುವಿರಲಿಲ್ಲ, ಒಂದು ಮೇಕೆಯಿತ್ತು, ಅದೂ ಬತ್ತುವುದರಲ್ಲಿತ್ತು. ಅವಳು ತನ್ನ ಗಡಿಗೆಯಿಂದ ಹೆಪ್ಪು ಕೊಡಲಿಲ್ಲ. ಕೊಟ್ಟರೆ ನಿನ್ನ ಬಾಗಿಲು ತೆರೆದಾಗ ಒಳಗೆ ನನ್ನ ಮುಚ್ಚಳಗಳೇ ಇರುತ್ತವಲ್ಲಪ್ಪ ಎಂದು ಒಂದು ಹಿಡಿ ಮೆಣಸಿನಕಾಯಿ ತೊಟ್ಟು ಕೊಟ್ಟಳು, ಆ ಹಲಸಿನ ಮುಚ್ಚಳವನ್ನೂ ಕೊಟ್ಟಳು. ಅವನು ಅವಳ ಎದುರು ಬಾಗಿಲಿನ ಹೊಸ್ತಿಲ ಗಡಿಗೆಗೆ ಹಾಲು ಹೊಯ್ದು, ತೊಟ್ಟು ಮುಳುಗಿಸಿ, ಮುಚ್ಚಿ, ಮೇಕೆ ಮೇಯಿಸಲು ಹೋದ.

ಬೆಳಗಾಯಿತು. ಎದುರು ಬಾಗಿಲು ತೆರೆಯಲಿಲ್ಲ. ಅವಳಿಗೆ ಗಿರಾಕಿಗಳ ಮೇಲೆ ಗಮನ ನಿಲ್ಲಲಿಲ್ಲ. ಮೇಕೆ ಹಾಲು, ಹಿಡಿಯಿತೋ ಇಲ್ಲವೋ. ಬಿಸಿಯಾಗಿತ್ತೋ ತಣ್ಣಗಿತ್ತೋ. ಹೊತ್ತು ಏರಿತು. ಅವಳು ಬೀದಿ ದಾಟಿದಳು, ಸುಮ್ಮನೆ ಹತ್ತಿರ ನಿಲ್ಲುವುದಕ್ಕೆ. ಆಮೇಲೆ ಬಗ್ಗಿದಳು. ತಾನೇ ಕೆತ್ತಿದ ಹಿಡಿಯ ಮೇಲೆ ಬೆರಳಿಟ್ಟಳು. ಒಂದು ಸಲ ನೋಡಿದರೆ ಏನಾಗುತ್ತದೆ? ಕೊಟ್ಟವಳು ನಾನಲ್ಲವೇ? ನೋಡುವುದು ಬೇಡವೇ?

ಆ ಮಾತು ಎಲ್ಲಿ ಕೇಳಿದ್ದು ಎಂದು ನೆನಪಾಗಿ ಅವಳ ಕಿವಿ ಬಿಸಿಯಾಯಿತು. ಕೈ ಹಿಂದೆ ತೆಗೆದಳು. ತಿರುಗಿ ಗಡಿಗೆಗೆ ಬೆನ್ನು ಹಾಕಿ ಹೊಸ್ತಿಲ ಮೇಲೆ ಕೂತಳು. ಆದರೂ ನಂಬಿಕೆ ಸಾಲದೆ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡಳು. ಅತ್ತೆ ಎದುರಿನಿಂದ ಇದನ್ನು ನೋಡಿದಳು. ಬೀದಿ ದಾಟಿ ಬಂದು ಪಕ್ಕದಲ್ಲಿ ಕೂತು, ತನ್ನ ಕೈಗಳನ್ನೂ ಹಾಗೆಯೇ ಇಟ್ಟುಕೊಂಡಳು. ಬೆನ್ನ ಹಿಂದೆ ಬಾಗಿಲು ಕಿರ್ರೆನ್ನುವವರೆಗೂ ಇಬ್ಬರೂ ತಿರುಗಲಿಲ್ಲ.